ಪೂರ್ತಿ ಇಳಿಸಿ ಪೂರ್ತಿ ಏರಿಸು: ಒಂದು ಉಪದೇಶದ ಚರಿತ್ರೆ

ಹೋದ ವರ್ಷ ಶ್ರಾವಣದ ಒಂದು ರಾತ್ರಿ ಮುಂಬೈಯಿಂದ ಧಾರವಾಡಕ್ಕೆ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು ಸಲವೂ ‘ಸ್ವಿಚ್ ಆಫ್ ಆಗಿದೆ’ ಎನ್ನುವ ಅದೇ ಹೆಣ್ಣುದನಿ. ಅಪ್ಪನಿಗೆ 78 ವರ್ಷ, ಮನೆಯಲ್ಲಿ ಒಬ್ಬರೇ. ದೂರದ ಊರಿನಲ್ಲಿ ಇದ್ದುಕೊಂಡು ವಯಸ್ಸಾದವರಿಗೆ ಫೋನ್ ಮಾಡುವವರಿಗೆ ಆ ಹೊತ್ತಿನಲ್ಲಿ ತಲೆಯೊಳಗೆ ಏನೇನು ಓಡುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಕೊನೆಗೆ ರಾತ್ರಿ ಹನ್ನೊಂದೂವರೆಗೆ ಪಕ್ಕದ ಮನೆಯವರನ್ನು ಎಬ್ಬಿಸಿ ಕಳಿಸಿದೆ. ಅಪ್ಪ ಆರಾಮಾಗಿ ಕುರ್ಚಿಯಲ್ಲಿ ಕೂತು ಪುಸ್ತಕ ಓದುತ್ತಿದ್ದರಂತೆ. ಫೋನು ಸತ್ತಿದ್ದು ಅವರಿಗೆ ಗೊತ್ತಿತ್ತು. ಬೇಕೆಂದೇ ಸಾಯಲು ಬಿಟ್ಟಿದ್ದರು. ‘ಪೂರ್ತಿ ಇಳದ ಮ್ಯಾಲೆ ಚಾರ್ಜಿಗೆ ಹಚ್ಚಬೇಕಪಾ, ಇಲ್ಲಾಂದ್ರ ಬ್ಯಾಟರಿ ಕೆಡತದ’ ಎಂದರು ಮರುದಿನ.

ಈ ಮಾತು ಅವರಿಗೆ ಹೇಳಿದ್ದು 2002ರಲ್ಲಿ ಅವರ ಮೊದಲ ಫೋನು, ಒಂದು ನೋಕಿಯಾ 3310, ಮಾರಿದ ಅಂಗಡಿಯವ. ಮೊದಲ ಸಲ ಎಂಟು ತಾಸು ಚಾರ್ಜ್ ಮಾಡಿ, ಆಮೇಲೆ ಪ್ರತಿ ಸಲ ಪೂರ್ತಿ ಇಳಿಸಿ ಪೂರ್ತಿ ಏರಿಸಿ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಇದನ್ನು ಹೇಳಿಯೇ ಇರುತ್ತಾರೆ. ಆ ರಾತ್ರಿಯ ಸಿಟ್ಟಿನಲ್ಲಿ ನಾನು ಇದನ್ನು ಮೂಢನಂಬಿಕೆ ಎಂದುಬಿಟ್ಟೆ. ಆಮೇಲೆ ಕೂತು ಓದಿದಾಗ ಗೊತ್ತಾಯಿತು: ಅಂಗಡಿಯವ ಸುಳ್ಳು ಹೇಳಿರಲಿಲ್ಲ. ಅವನ ಮಾತು ಬೇರೊಂದು ಬ್ಯಾಟರಿಗೆ ಸೇರಿದ್ದು, ಅಷ್ಟೆ.

ಆ ಬೇರೊಂದು ಬ್ಯಾಟರಿಯ ಕಥೆ 1899ರ ಸ್ವೀಡನ್ನಿನಲ್ಲಿ ಶುರುವಾಗುತ್ತದೆ. ವಾಲ್ಡೆಮಾರ್ ಯುಂಗ್ನರ್ ಎಂಬಾತ ನಿಕ್ಕಲ್ ಮತ್ತು ಕ್ಯಾಡ್ಮಿಯಂ ಬಳಸಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಗಟ್ಟಿಮುಟ್ಟಾದ ಬ್ಯಾಟರಿ ಕಟ್ಟಿದ. ಇಪ್ಪತ್ತನೇ ಶತಮಾನದ ಬಹುಪಾಲು ಅದರದೇ ರಾಜ್ಯ. ಉಪಗ್ರಹಗಳಲ್ಲೂ ಅದೇ ಹೋಯಿತು. ಭೂಮಿಯನ್ನು ಸುತ್ತುವ ಉಪಗ್ರಹ ನೆರಳಿಗೆ ಬಂದಾಗ ಬ್ಯಾಟರಿ ಒಂದಿಷ್ಟು ಇಳಿಯುತ್ತದೆ, ಬಿಸಿಲಿಗೆ ಬಂದಾಗ ಏರುತ್ತದೆ. ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೀಗೆ ಕರಾರುವಾಕ್ಕಾಗಿ ಒಂದೇ ಮಟ್ಟಕ್ಕೆ ಇಳಿದು ಏರಿದ ಬ್ಯಾಟರಿ, ಒಂದು ದಿನ ಅದಕ್ಕಿಂತ ಕೆಳಗೆ ಇಳಿಯಬೇಕಾದಾಗ ಮೊಂಡಾಟ ಮಾಡಿ ವೋಲ್ಟೇಜ್ ಬೀಳಿಸುತ್ತಿತ್ತು. ‘ನನ್ನ ಕೆಲಸ ಇಷ್ಟೇ’ ಎಂದು ನೆನಪಿಟ್ಟುಕೊಂಡ ಹಾಗೆ. ಹಾಗಾಗಿ ಅದಕ್ಕೆ ಮೆಮೊರಿ ಎಫೆಕ್ಟ್ ಎಂಬ ಹೆಸರು. ದಿನಬಳಕೆಯಲ್ಲಿ ಜನ ಮೆಮೊರಿ ಎಂದು ಕರೆದದ್ದರಲ್ಲಿ ಬಹುಪಾಲು ಬೇರೆಯೇ ತೊಂದರೆ: ಸದಾ ಚಾರ್ಜಿನಲ್ಲಿಟ್ಟ ಬ್ಯಾಟರಿಯೊಳಗೆ ಕ್ಯಾಡ್ಮಿಯಂ ಹರಳುಗಳು ದಪ್ಪಗಾಗಿ ಬೆಳೆದು ಮೇಲ್ಮೈ ಕಮ್ಮಿಯಾಗುವುದು. ಎರಡಕ್ಕೂ ಮದ್ದು ಒಂದೇ. ಆಗಾಗ ಪೂರ್ತಿ ಇಳಿಸಿ ಪೂರ್ತಿ ಏರಿಸುವುದು.

1990ರ ಸುಮಾರಿಗೆ ಕ್ಯಾಡ್ಮಿಯಂನ ಜಾಗಕ್ಕೆ ಲೋಹದ ಹೈಡ್ರೈಡ್ ಬಂದು ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಯಾಯಿತು. ಇದರಲ್ಲಿ ಆ ರೋಗ ಕಮ್ಮಿ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಪ್ಪನ 3310ರೊಳಗೆ ಇದ್ದದ್ದು ಇದೇ ಜಾತಿಯ, 900 ಮಿಲಿಆಂಪ್-ಗಂಟೆಯ ಬ್ಯಾಟರಿ. ಅಂದರೆ 2002ರಲ್ಲಿ ಆ ಉಪದೇಶಕ್ಕೆ ತಕ್ಕಮಟ್ಟಿಗೆ ಅರ್ಥವಿತ್ತು.

ಹಾಗೆ ನೋಡಿದರೆ ಮೊಬೈಲು ಹುಟ್ಟಿದ್ದೇ ಬ್ಯಾಟರಿಯ ತಕರಾರಿನೊಂದಿಗೆ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೋಟೊರೋಲಾದ ಮಾರ್ಟಿನ್ ಕೂಪರ್ ಮೊದಲ ಕರೆ ಮಾಡಿದ ಫೋನು ಒಂದು ಕಿಲೋಗಿಂತ ಭಾರ. ಬ್ಯಾಟರಿ ಇಪ್ಪತ್ತು ನಿಮಿಷ ಬರುತ್ತಿತ್ತು. ಅದೇನೂ ತೊಂದರೆಯಾಗಲಿಲ್ಲ, ಅದಕ್ಕಿಂತ ಹೆಚ್ಚು ಹೊತ್ತು ಅದನ್ನು ಕಿವಿಗೆ ಹಿಡಿಯಲು ಕೈಗೆ ಆಗುತ್ತಿರಲಿಲ್ಲ ಎಂದು ಕೂಪರ್ ಆಮೇಲೆ ತಮಾಷೆ ಮಾಡುತ್ತಿದ್ದರು. ಹತ್ತು ವರ್ಷದ ಮೇಲೆ ಮಾರುಕಟ್ಟೆಗೆ ಬಂದ ಡೈನಾಟ್ಯಾಕ್‌ಗೆ ಬೆಲೆ 3,995 ಡಾಲರ್, ಹತ್ತು ಗಂಟೆ ಚಾರ್ಜು, ಅರ್ಧ ಗಂಟೆ ಮಾತು. ನಮ್ಮಲ್ಲಿ 1995ರ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ದೆಹಲಿಯ ಸುಖ್‌ರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದರು. ಆ ಕಾಲದಲ್ಲಿ ಬಂದ ಕರೆಗೂ ದುಡ್ಡು ತೆರಬೇಕಿತ್ತು, ಹಾಗಾಗಿ ಬ್ಯಾಟರಿ ಮುಗಿಯುವ ಮೊದಲು ಜೇಬು ಮುಗಿಯುತ್ತಿತ್ತು.

ಇಷ್ಟರಲ್ಲಿ ಪ್ರಯೋಗಾಲಯಗಳಲ್ಲಿ ಇನ್ನೊಂದು ಕಥೆ ನಡೆದಿತ್ತು. ಲೋಹಗಳಲ್ಲೆಲ್ಲ ಹಗುರವಾದದ್ದು ಲಿಥಿಯಂ. ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಅದರಷ್ಟು ಉದಾರಿ ಇನ್ನೊಂದಿಲ್ಲ. ಬ್ಯಾಟರಿಗೆ ಇದಕ್ಕಿಂತ ಬೇಕೇನು? 1970ರ ದಶಕದಲ್ಲಿ ಎಣ್ಣೆಯ ಬಿಕ್ಕಟ್ಟಿಗೆ ಹೆದರಿದ ಎಕ್ಸಾನ್ ಎಂಬ ಎಣ್ಣೆ ಕಂಪನಿಯೇ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬ ರಸಾಯನಶಾಸ್ತ್ರಜ್ಞನಿಗೆ ಈ ಕೆಲಸ ಕೊಟ್ಟಿತ್ತು. ಟೈಟಾನಿಯಂ ಡೈಸಲ್ಫೈಡಿನ ಪದರಗಳ ನಡುವೆ ಲಿಥಿಯಂ ಅಯಾನುಗಳು ಬಂದು ಕೂರಬಹುದು, ಎದ್ದು ಹೋಗಬಹುದು ಎಂದು ಆತ ತೋರಿಸಿದ. ಆದರೆ ಇನ್ನೊಂದು ತುದಿಯಲ್ಲಿ ಇದ್ದದ್ದು ಶುದ್ಧ ಲಿಥಿಯಂ ಲೋಹ. ಚಾರ್ಜ್ ಮಾಡಿದಂತೆಲ್ಲ ಅದರ ಮೇಲೆ ಮುಳ್ಳುಗಳು ಬೆಳೆದು ಆಚೆ ದಡ ಮುಟ್ಟಿ ಶಾರ್ಟ್ ಸರ್ಕ್ಯೂಟ್. ಪ್ರಯೋಗಾಲಯಕ್ಕೆ ಪದೇ ಪದೇ ಬೆಂಕಿ ಬಿದ್ದು, ಲಿಥಿಯಂ ಬೆಂಕಿ ಆರಿಸಲು ಬೇಕಾದ ವಿಶೇಷ ರಾಸಾಯನಿಕದ ದುಡ್ಡು ನೀವೇ ಕೊಡಬೇಕಾಗುತ್ತದೆ ಎಂದು ಅಗ್ನಿಶಾಮಕದವರು ಬೆದರಿಸಿದ್ದರು. ಎಣ್ಣೆಯ ಬೆಲೆ ಇಳಿದಾಗ ಎಕ್ಸಾನ್ ಕೈಬಿಟ್ಟಿತು. 1989ರಲ್ಲಿ ಕೆನಡಾದ ಮೋಲಿ ಎನರ್ಜಿಗೂ ಇದೇ ಗತಿ. ಜಪಾನಿನ ಮೊಬೈಲುಗಳಿಗೆ ಹಾಕಿದ ಅದರ ಲಿಥಿಯಂ ಲೋಹದ ಬ್ಯಾಟರಿಗಳಿಗೆ ಬೆಂಕಿ ಬಿದ್ದು ಎಲ್ಲವನ್ನೂ ವಾಪಸ್ ಪಡೆಯಬೇಕಾಯಿತು.

1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್, ಜಪಾನಿನಿಂದ ಬಂದಿದ್ದ ಮಿಜುಶಿಮಾ ಮತ್ತು ಇನ್ನಿಬ್ಬರು ಸೇರಿ ಸಲ್ಫೈಡಿನ ಬದಲು ಕೋಬಾಲ್ಟ್ ಆಕ್ಸೈಡ್ ಬಳಸಿದರು. ವೋಲ್ಟೇಜ್ ನಾಲ್ಕಕ್ಕೆ ಏರಿತು. ಪೇಟೆಂಟಿಗೆ ದುಡ್ಡು ಹಾಕಲು ವಿಶ್ವವಿದ್ಯಾಲಯಕ್ಕೆ ಆಸಕ್ತಿ ಇರಲಿಲ್ಲ. ಹಕ್ಕು ಹಾರ್ವೆಲ್‌ನ ಸರಕಾರಿ ಪರಮಾಣು ಸಂಶೋಧನಾ ಸಂಸ್ಥೆಗೆ ಹೋಯಿತು, ಗುಡ್‌ಇನಫ್‌ಗೆ ಒಂದು ಕಾಸೂ ಬರಲಿಲ್ಲ. 1982ರ ವರ್ಷದ ಕೊನೆಯ ದಿನಗಳಲ್ಲಿ ಜಪಾನಿನ ಅಸಾಹಿ ಕಸೇಯಿ ಕಂಪನಿಯ ಅಕಿರಾ ಯೋಶಿನೋ ತನ್ನ ಕೋಣೆ ಗುಡಿಸಿ ಒಪ್ಪ ಮಾಡುವಾಗ, ಓದದೆ ಉಳಿದಿದ್ದ ಕಾಗದಗಳ ನಡುವೆ ಈ ಪ್ರಬಂಧ ಸಿಕ್ಕಿತು. ಮೂರು ವರ್ಷದಲ್ಲಿ ಆತ ಲಿಥಿಯಂ ಲೋಹವನ್ನೇ ತೆಗೆದುಹಾಕಿ ಆ ಜಾಗದಲ್ಲಿ ಪೆಟ್ರೋಲಿಯಂ ಕೋಕ್ ಎಂಬ ಇಂಗಾಲವನ್ನು ಕೂರಿಸಿದ. ಈಗ ಬ್ಯಾಟರಿಯೊಳಗೆ ಲೋಹವಿಲ್ಲ, ಅತ್ತಿಂದಿತ್ತ ಓಡಾಡುವ ಅಯಾನು ಮಾತ್ರ. ಅದರ ಮೇಲೆ ಕಬ್ಬಿಣದ ಗುಂಡು ಬೀಳಿಸಿ ನೋಡಿದ, ಬೆಂಕಿ ಹತ್ತಲಿಲ್ಲ. ಲಿಥಿಯಂ-ಅಯಾನ್ ಬ್ಯಾಟರಿ ಹುಟ್ಟಿದ್ದೇ ಆ ಗಳಿಗೆಯಲ್ಲಿ ಎನ್ನುತ್ತಾನೆ ಆತ. 1991ರಲ್ಲಿ ಸೋನಿ ಅದನ್ನು ಮಾರಾಟಕ್ಕೆ ತಂದಿತು. ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿಗೆ ತೆಳು ಲೇಪ ಹಚ್ಚಿ ಪಳಗಿದ ಕಂಪನಿ. ಅದೇ ಕೈಚಳಕ ಬ್ಯಾಟರಿಯ ಹಾಳೆಗಳಿಗೆ ಲೇಪ ಹಚ್ಚಲು ಒದಗಿತು.

2019ರಲ್ಲಿ ಮೂವರಿಗೂ ನೊಬೆಲ್ ಬಂತು. ಗುಡ್‌ಇನಫ್‌ಗೆ ಆಗ 97. ಅವರ ಪರವಾಗಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಉಪನ್ಯಾಸ ಕೊಟ್ಟವರು ಮಧುರೈಯಲ್ಲೂ ಐಐಟಿ ಮದ್ರಾಸಿನಲ್ಲೂ ಓದಿದ ಅವರ ಬಹುಕಾಲದ ಸಹೋದ್ಯೋಗಿ ಅರುಮುಗಂ ಮಂಥಿರಂ. ಚೆನ್ನೈಯ ಓದುಗರು ಬೇಕಾದರೆ ಹೆಮ್ಮೆಪಡಬಹುದು.

ಈಗ ಉಪದೇಶದ ವಿಷಯಕ್ಕೆ ಬರೋಣ. ಹೊಸ ಬ್ಯಾಟರಿಯಲ್ಲಿ ನೆನಪಿನ ರೋಗವಿಲ್ಲ, ಆದರೆ ಮುಪ್ಪು ಇದೆ. ಇಂಗಾಲದ ಮೇಲೆ ಮೊದಲ ಚಾರ್ಜಿನಲ್ಲೇ ಒಂದು ತೆಳು ಪೊರೆ ಕಟ್ಟುತ್ತದೆ. ಅದು ಬೇಕು, ಇಲ್ಲದಿದ್ದರೆ ಬ್ಯಾಟರಿ ತನ್ನನ್ನೇ ತಿಂದುಕೊಳ್ಳುತ್ತದೆ. ತೊಂದರೆ ಏನೆಂದರೆ ಪೊರೆ ಅಷ್ಟಕ್ಕೇ ನಿಲ್ಲುವುದಿಲ್ಲ. ನಿಧಾನವಾಗಿ ದಪ್ಪವಾಗುತ್ತ ಓಡಾಡುವ ಲಿಥಿಯಂ ಅನ್ನು ನುಂಗುತ್ತ ಹೋಗುತ್ತದೆ. ಈ ಮುಪ್ಪನ್ನು ಬೇಗ ಕರೆತರುವುದು ಎರಡು: ಬಿಸಿ, ಮತ್ತು ಪೂರ್ತಿ ತುಂಬಿದ ಸ್ಥಿತಿಯಲ್ಲಿ ಬಹಳ ಹೊತ್ತು ಇರುವುದು. ಎರಡೂ ಸೇರಿದರೆ ಇನ್ನೂ ಕೆಟ್ಟದ್ದು. ಮೇ ತಿಂಗಳ ಹೈದರಾಬಾದಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ದಾರಿ ತೋರಿಸುತ್ತ ಚಾರ್ಜಾಗುವ ಫೋನಿಗೆ ಆಗುವುದು ಇದೇ. ಪ್ರತಿ ಸಲ ಸೊನ್ನೆಗೆ ಇಳಿಸಿ ನೂರಕ್ಕೆ ಏರಿಸಿದರೆ ಎರಡೂ ತುದಿಯ ಪದರಗಳು ಹಿಗ್ಗಿ ಕುಗ್ಗಿ ಬಿರುಕು ಬಿಡುವುದೂ ಹೆಚ್ಚು. ಅಂದರೆ ಹಳೆಯ ಬ್ಯಾಟರಿಗೆ ವ್ಯಾಯಾಮವಾಗಿದ್ದದ್ದು ಹೊಸದಕ್ಕೆ ಸವೆತ. 20ರಿಂದ 80ರ ನಡುವೆ ಆಡಿಸಿಕೊಂಡು, ಆಗಾಗ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡುವುದೇ ಇದಕ್ಕೆ ಹಿತ. ಪೂರ್ತಿ ಇಳಿದ ಫೋನನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿ ಹಾಗೇ ಇಟ್ಟರಂತೂ ಒಳಗಿನ ತಾಮ್ರದ ಹಾಳೆಯೇ ಕರಗತೊಡಗಬಹುದು.

ರಸಾಯನ ಬದಲಾಯಿತು, ಮಾತು ಬದಲಾಗಲಿಲ್ಲ. ಇದಕ್ಕೆ ಬರೀ ಅಂಗಡಿಯವರನ್ನು ದೂರಬಾರದು. 2003ರಲ್ಲಿ ಬಂದ ನೋಕಿಯಾ 1100, ಆ ಟಾರ್ಚಿನ ಫೋನು, 850 ಮಿಲಿಆಂಪ್-ಗಂಟೆಯ ಲಿಥಿಯಂ-ಅಯಾನ್ ಬಿಎಲ್-5ಸಿ ಬ್ಯಾಟರಿ ಹೊತ್ತಿತ್ತು. ಆದರೂ ಆ ಕಾಲದ ಕೈಪಿಡಿಗಳು ಎರಡು ಮೂರು ಸಲ ಪೂರ್ತಿ ಏರಿಸಿ ಇಳಿಸಿದ ಮೇಲೆಯೇ ಹೊಸ ಬ್ಯಾಟರಿಗೆ ಪೂರ್ಣ ಶಕ್ತಿ ಬರುವುದೆಂಬ ಹಳೆಯ ಸಾಲನ್ನು ಅಚ್ಚು ಹಾಕುತ್ತಲೇ ಇದ್ದವು. ಬಿಎಲ್-5ಸಿ ಎಂದರೆ ನಮ್ಮ ತಲೆಮಾರಿಗೆ 2007ರ ಆಗಸ್ಟ್ ಕೂಡ ನೆನಪಾಗಬೇಕು. ಮಾತ್ಸುಶಿತಾ ತಯಾರಿಸಿದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗಬಹುದೆಂದು ನೋಕಿಯಾ ಎಚ್ಚರಿಸಿದಾಗ, ಎಲ್ಲರೂ ಫೋನಿನ ಬೆನ್ನು ಬಿಚ್ಚಿ ಬ್ಯಾಟರಿಯ ಸಂಖ್ಯೆ ನೋಡಿಕೊಂಡದ್ದು. ಉಗುರಿನಿಂದ ಎಬ್ಬಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು, ಕೆಟ್ಟರೆ ಹೊಸದು ಹಾಕಿದರಾಯಿತು.

ಅದೇ 2007ರಲ್ಲಿ ಬಂದ ಐಫೋನ್ ಬ್ಯಾಟರಿಯನ್ನು ಒಳಗಿಟ್ಟು ಮುಚ್ಚಿತು. ಕ್ರಮೇಣ ಎಲ್ಲರೂ ಮುಚ್ಚಿದರು. ನನ್ನ ಲೆಕ್ಕದಲ್ಲಿ ಈ ಚರಿತ್ರೆಯ ದೊಡ್ಡ ತಿರುವು ಇದು. ಅಲ್ಲಿಯವರೆಗೆ ಬ್ಯಾಟರಿಯ ಮುಪ್ಪು ಬ್ಯಾಟರಿಯದು, ಅಲ್ಲಿಂದಾಚೆ ಫೋನಿನದೇ. 2017ರ ಡಿಸೆಂಬರಿನಲ್ಲಿ ಆಪಲ್, ಹಳೆಯ ಬ್ಯಾಟರಿಯ ಫೋನುಗಳು ತಟ್ಟನೆ ಆರಿಹೋಗದಿರಲೆಂದು ಅವುಗಳ ವೇಗವನ್ನು ತಾನೇ ಇಳಿಸುತ್ತಿರುವುದಾಗಿ ಒಪ್ಪಿಕೊಂಡಿತು. ತಾಂತ್ರಿಕವಾಗಿ ಕಾರಣ ನಿಜವೇ, ಹಳೆಯ ಬ್ಯಾಟರಿ ಒಮ್ಮೆಲೇ ಹೆಚ್ಚು ಕರೆಂಟ್ ಕೊಡಲಾರದು. ಆದರೆ ಬಳಕೆದಾರರಿಗೆ ಹೇಳಿರಲಿಲ್ಲ. ಫೋನು ನಿಧಾನವಾಯಿತೆಂದು ಹೊಸದು ಕೊಂಡ ಎಷ್ಟು ಜನಕ್ಕೆ ಬರೀ ಬ್ಯಾಟರಿ ಬದಲಿಸಿದ್ದರೆ ಸಾಕಿತ್ತೋ! ಯುರೋಪಿನಲ್ಲಿ ಈಗ ಕಾನೂನೇ ಬಂದಿದೆ: 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನಿನ ಬ್ಯಾಟರಿ 800 ಸುತ್ತಿನ ಮೇಲೂ ಶೇ 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು.

ಇನ್ನು ಒಂದು ದಿನಕ್ಕೆ ಎಷ್ಟು ಬರುತ್ತದೆ ಎಂಬ ಪ್ರಶ್ನೆ. 1991ರ ಸೋನಿ ಬ್ಯಾಟರಿ ಕಿಲೋಗೆ ಸುಮಾರು 80 ವ್ಯಾಟ್-ಗಂಟೆ ಹಿಡಿಯುತ್ತಿತ್ತು, ಇಂದಿನವು 250ರ ಆಸುಪಾಸು. ಮೂವತ್ತು ವರ್ಷದಲ್ಲಿ ಬರೀ ಮೂರು ಪಟ್ಟು. ಅಷ್ಟರಲ್ಲೇ ಸಿನೆಮಾ, ನಕ್ಷೆ, ಬ್ಯಾಂಕು ಎಲ್ಲ ಹಿಡಿಸಿದ್ದು ಚಿಪ್ಪಿನ ಜಿಪುಣತನದಿಂದ. 1985ರ ಏಪ್ರಿಲಿನಲ್ಲಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಆರ್ಮ್ ಚಿಪ್ ಬಂದಾಗ, ಅದೆಷ್ಟು ವಿದ್ಯುತ್ ತಿನ್ನುತ್ತದೆಂದು ಫರ್ಬರ್ ಮೀಟರ್ ಹಚ್ಚಿದರು. ಮುಳ್ಳು ಸೊನ್ನೆಯಲ್ಲಿ. ಚಿಪ್ ಮಾತ್ರ ಕೆಲಸ ಮಾಡುತ್ತಿದೆ! ನೋಡಿದರೆ ವಿದ್ಯುತ್ತಿನ ತಂತಿಯೇ ಸರಿಯಾಗಿ ಕೂತಿರಲಿಲ್ಲ. ಬೇರೆ ತಂತಿಗಳಿಂದ ಸೋರಿ ಬಂದ ಅಲ್ಪಸ್ವಲ್ಪದಲ್ಲೇ ಅದು ಜೀವ ಹಿಡಿದಿತ್ತು. ಇಂದು ಹೆಚ್ಚುಕಡಿಮೆ ಎಲ್ಲ ಮೊಬೈಲುಗಳಲ್ಲೂ ಇರುವುದು ಆ ವಂಶದ ಚಿಪ್.

ಹಾಗಾಗಿ ಇವತ್ತು ಬ್ಯಾಟರಿ ತಿನ್ನುವ ದೊಡ್ಡ ಹೊಟ್ಟೆ ಪರದೆಯದು, ಆಮೇಲೆ ಟವರ್ ಹುಡುಕುವ ರೇಡಿಯೋದು. ಪುಣೆಯಿಂದ ಮುಂಬೈಗೆ ಘಾಟಿ ಇಳಿಯುವ ರೈಲಿನಲ್ಲಿ, ಒಂದು ಸುರಂಗ ಮುಗಿದು ಇನ್ನೊಂದು ಬರುವುದರೊಳಗೆ, ಫೋನು ದನಿ ಏರಿಸಿ ಟವರ್ ಕರೆಯುತ್ತಲೇ ಇರುತ್ತದೆ. ಆ ಹೊತ್ತು ಏರೋಪ್ಲೇನ್ ಮೋಡ್ ಹಾಕಿ ಕಿಟಕಿಯಾಚೆ ನೋಡಿ. ಆ್ಯಪ್‌ಗಳನ್ನು ಮತ್ತೆ ಮತ್ತೆ ಮೇಲಕ್ಕೆ ತಳ್ಳಿ ಮುಚ್ಚುವ ಚಟ ಇನ್ನೊಂದು ಹಳೆಯ ಉಪದೇಶ. 2015ರ ಆಂಡ್ರಾಯ್ಡ್ 6ರಿಂದ ಫೋನು ಸುಮ್ಮನಿದ್ದಾಗ ಅವನ್ನು ತಾನೇ ಮಲಗಿಸುತ್ತದೆ. ಮುಚ್ಚಿದ್ದನ್ನು ಮತ್ತೆ ಮೊದಲಿನಿಂದ ತೆರೆಯುವುದಕ್ಕೇ ಹೆಚ್ಚು ಖರ್ಚು.

ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಯುಂಗ್ನರ್, ಯೋಶಿನೋ ಎಲ್ಲರನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಫೋನಿನ ಸೆಟ್ಟಿಂಗ್ಸಿನಲ್ಲಿ ಚಾರ್ಜು 80ಕ್ಕೆ ನಿಲ್ಲುವಂತೆ ಮಾಡಿ, 20ಕ್ಕೆ ಇಳಿದರೆ ಹಚ್ಚಿಬಿಡಿ ಎಂದು ಮಾತು ತೆಗೆದುಕೊಂಡು ಬಂದೆ. ಮುಂಬೈ ತಲುಪಿ ಎರಡನೇ ದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ‘ನೀ ಏನ್ ಮಾಡಿ ಹೋದ್ಯೋ ಮಾರಾಯ, ಎಂಬತ್ತರ ಮ್ಯಾಲೆ ಏರವಲ್ಲದು. ಅಂಗಡಿಗೆ ಒಯ್ದು ತೋರಸ್ಲೇನು?’