ಫೋಟೋದ ಅಂಚು: ಒಂದು ಚಾರಿತ್ರಿಕ ಲೆಕ್ಕ

ವಿಜ್ಞಾನ ಪ್ರವಾಸದ ಫೋಟೋಗಳನ್ನು ಜೋಡಿಸಿ ಕೊಲಾಜ್ ಪೋಸ್ಟರ್ ಮಾಡಲು ಹೊರಟಿದ್ದೀರಿ ಎನ್ನೋಣ. ಹಾಳೆಯ ಮೇಲೆ ಗೆರೆ ಎಳೆದು ಒಂದೊಂದು ಫೋಟೋಗೂ ಒಂದೊಂದು ಮನೆ ಗುರುತಿಸುತ್ತೀರಿ. ಫೋಟೋ ಇಟ್ಟು ನೋಡಿದರೆ ಒಂದು ಬದಿ ಹೊರಚಾಚುತ್ತದೆ. ಕೈಗೆ ಕತ್ತರಿ ಬರುತ್ತದೆ. ಫೋಟೋಗೂ ಹಾಳೆಗೂ ಆಕಾರ ಹೊಂದುವುದಿಲ್ಲವೇಕೆ? ಉತ್ತರ ಚರಿತ್ರೆಯಲ್ಲಿದೆ.

ಮೂಕಿ ಚಿತ್ರಗಳ ಕಾಲದಲ್ಲಿ 35 ಮಿ.ಮೀ. ಫಿಲ್ಮಿನ ಒಂದು ಚಿತ್ರ 24 ಮಿ.ಮೀ. ಅಗಲ, 18 ಮಿ.ಮೀ. ಎತ್ತರವಿರುತ್ತಿತ್ತು. ಅಂದರೆ 4:3. ಜರ್ಮನಿಯ ಆಸ್ಕರ್ ಬಾರ್ನಾಕ್ ಅದೇ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಚಿತ್ರಗಳ ಜಾಗವನ್ನು ಒಂದಕ್ಕೇ ಬಳಸಿದರು. ಅಳತೆ 36 × 24 ಮಿ.ಮೀ., ಅನುಪಾತ 3:2 ಆಯಿತು. ಅವರ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂತು. ಟಿ.ವಿ. ಮತ್ತು ಕಂಪ್ಯೂಟರ್ ಪರದೆಗಳು ಬಹುಕಾಲ 4:3ನ್ನೇ ಉಳಿಸಿಕೊಂಡವು. ಅನೇಕ ಡಿಜಿಟಲ್ ಕ್ಯಾಮೆರಾಗಳೂ ಮೊಬೈಲ್‌ಗಳೂ ಅದನ್ನು ಅನುಸರಿಸಿದವು.

ಹಾಳೆಯ ಕಥೆ ಬೇರೆ. ಅರ್ಧಕ್ಕೆ ಮಡಿಸಿದರೂ ಆಕಾರ ಬದಲಾಗದ ಹಾಳೆಯ ಉದ್ದ-ಅಗಲಗಳ ಅನುಪಾತ √2 ಎಂಬುದನ್ನು ಭೌತವಿಜ್ಞಾನಿ ಲಿಕ್ಟೆನ್‌ಬರ್ಗ್ 1786ರ ಒಂದು ಪತ್ರದಲ್ಲಿ ಚರ್ಚಿಸಿದ್ದರು. 1922ರಲ್ಲಿ ಜರ್ಮನಿ ಇದನ್ನು ಮಾನಕವಾಗಿ ಸ್ವೀಕರಿಸಿತು. ನಮ್ಮ ಎ4 ಹಾಳೆಯ ಮೂಲ ಇದೇ.

ಈಗ ಲೆಕ್ಕ ಮಾಡಿ. 3/2 × 4/3 = 2. ಆದ್ದರಿಂದ √2 ಈ ಎರಡು ಅನುಪಾತಗಳ ಗುಣೋತ್ತರ ಮಾಧ್ಯ! ಎ-ಶ್ರೇಣಿಯ ಮನೆಗೆ ಹೊಂದಿಸಿದರೆ ಎರಡೂ ಬಗೆಯ ಫೋಟೋಗಳು ಸಮನಾಗಿ, ಸುಮಾರು ಶೇಕಡಾ 6ರಷ್ಟು ಮಾತ್ರ ಕಳೆದುಕೊಳ್ಳುತ್ತವೆ. ಮನೆ ಸಮಚೌಕವಾದರೆ 3:2 ಫೋಟೋದ ಮೂರನೇ ಒಂದು ಭಾಗ, 4:3 ಫೋಟೋದ ಕಾಲು ಭಾಗ ಹೋಗುತ್ತದೆ. ಉದ್ದವಾಗಿ ನಿಲ್ಲಿಸಿದ ಎ2 ಹಾಳೆಯನ್ನು ಮೂರು ಬಾರಿ ಅರ್ಧ ಮಾಡಿ. ಅಡ್ಡ ಫೋಟೋಗಳಿಗೆ ಎಂಟು ಮನೆಗಳು ಸಿಗುತ್ತವೆ.

ಆದರೆ ಶೇಕಡಾವಾರು ಲೆಕ್ಕ ಎಲ್ಲವನ್ನೂ ಹೇಳದು. 2020ರ ಜನವರಿಯಲ್ಲಿ ದಾವೋಸ್‌ನಲ್ಲಿ ಐವರು ಯುವ ಪರಿಸರ ಹೋರಾಟಗಾರ್ತಿಯರ ಫೋಟೋ ತೆಗೆಯಲಾಯಿತು. ಹಿನ್ನೆಲೆಯ ಕಟ್ಟಡ ಚಿತ್ರವನ್ನು ಕೆಡಿಸುತ್ತದೆಂದು ಸುದ್ದಿಸಂಸ್ಥೆ ಅಂಚನ್ನು ಕತ್ತರಿಸಿತು. ಅಲ್ಲಿ ನಿಂತಿದ್ದ ಉಗಾಂಡಾದ ವನೆಸ್ಸಾ ನಕಾಟೆ ಚಿತ್ರದಿಂದಲೇ ಮಾಯವಾದರು. ಐವರಲ್ಲಿ ಆಫ್ರಿಕಾದವರು ಅವರೊಬ್ಬರೇ. ಅವರು ಪ್ರತಿಭಟಿಸಿದ ಮೇಲೆ ಸಂಸ್ಥೆ ಕ್ಷಮೆ ಕೇಳಿತು.

ನಿಮ್ಮ ತರಗತಿಯ ಗುಂಪುಚಿತ್ರದ ಅಂಚಿನಲ್ಲೂ ಯಾರೋ ಒಬ್ಬರು ನಿಂತಿರುತ್ತಾರೆ. ಕತ್ತರಿಸುವ ಮೊದಲು ತಲೆಗಳನ್ನು ಎಣಿಸಿ. ಒಬ್ಬರು ಹೊರಗುಳಿದರೂ ಫೋಟೋ ಹಾಗೆಯೇ ಇರಲಿ, ಮನೆಯ ಅಳತೆಯನ್ನು ಬದಲಿಸಿ.