ಗ್ರಂಥಿ ಜ್ವರ

ಗ್ರಂಥಿ ಜ್ವರ ಅಥವಾ ಇನ್ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್ ಎಂಬುದು ಮುಖ್ಯವಾಗಿ ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಬರುವ ಸೋಂಕು ರೋಗ. ಜ್ವರ, ತೀವ್ರ ಗಂಟಲು ನೋವು, ಕುತ್ತಿಗೆಯ ದುಗ್ಧಗ್ರಂಥಿಗಳ ಊತ ಮತ್ತು ಅತಿಯಾದ ಆಯಾಸ ಇದರ ಪ್ರಮುಖ ಲಕ್ಷಣಗಳು. ಜರ್ಮನಿಯ ವೈದ್ಯ ಎಮಿಲ್ ಫೈಫರ್ 1889ರಲ್ಲಿ ಇದನ್ನು ಈ ಹೆಸರಿನಿಂದಲೇ ವರ್ಣಿಸಿದರು. ವೈರಸ್ ಪತ್ತೆಯಾದದ್ದು 1964ರಲ್ಲಿ; ಅದೇ ಈ ಜ್ವರಕ್ಕೆ ಕಾರಣವೆಂಬುದನ್ನು 1968ರಲ್ಲಿ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿಗಳು ತೋರಿಸಿದರು.

ಹರಡುವಿಕೆ

ವೈರಸ್ ಎಂಜಲಿನ ಮೂಲಕ ಹರಡುತ್ತದೆ. ಪ್ರಪಂಚದ ಶೇ. 90ಕ್ಕೂ ಹೆಚ್ಚು ವಯಸ್ಕರಿಗೆ ಒಮ್ಮೆಯಾದರೂ ಈ ಸೋಂಕು ತಗುಲಿರುತ್ತದೆ. ಬಾಲ್ಯದಲ್ಲಿ ತಗುಲಿದರೆ ಸಾಮಾನ್ಯವಾಗಿ ಗಮನಕ್ಕೇ ಬರುವುದಿಲ್ಲ. ಬೆಂಗಳೂರಿನ ಹಲಸೂರು ಕೆರೆಯ ಸಮೀಪದ ಜೋಗುಪಾಳ್ಯದಂತಹ ಒತ್ತೊತ್ತಾದ ಬಡಾವಣೆಗಳಲ್ಲಿ ಮಕ್ಕಳಿಗೆ ಬೇಗನೆ ಸೋಂಕು ತಗುಲುವ ಸಂಭವ ಹೆಚ್ಚು. ಹದಿಹರೆಯದಲ್ಲಿ ಮೊದಲ ಬಾರಿಗೆ ಸೋಂಕಿಗೊಳಗಾದವರಲ್ಲಿ ರೋಗವು, 4ರಿಂದ 6 ವಾರಗಳ ನಂತರ, ಪೂರ್ಣರೂಪದಲ್ಲಿ ಕಾಣಿಸಿಕೊಳ್ಳಬಹುದು.

ರೋಗನಿರ್ಣಯ

ಕರ್ನಾಟಕದಲ್ಲಿ ಜ್ವರವೆಂದರೆ ಮೊದಲು ನೆನಪಾಗುವುದು ಡೆಂಗೇ ಮತ್ತು ಟೈಫಾಯ್ಡ್. ರಾಜ್ಯ ಸರ್ಕಾರವು 2024ರಲ್ಲಿ ಡೆಂಗೇಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಗ್ರಂಥಿ ಜ್ವರದಲ್ಲಿಯೂ ಪ್ಲೇಟ್‌ಲೆಟ್‌ಗಳು ಸ್ವಲ್ಪ ಇಳಿಯಬಹುದಾದ್ದರಿಂದ ಆ ಒಂದು ಸಂಖ್ಯೆಯನ್ನು ನೋಡಿ ಡೆಂಗೇ ಎಂದು ತೀರ್ಮಾನಿಸುವುದು ಸರಿಯಲ್ಲ. ಕುತ್ತಿಗೆಯ ಗಂಟುಗಳು ವಾರಗಟ್ಟಲೆ ಕರಗದಿದ್ದರೆ ಕ್ಷಯರೋಗದ ತಪಾಸಣೆಯೂ ಅಗತ್ಯ. ರಕ್ತದಲ್ಲಿ ಅಸಹಜ ರೂಪದ ಲಿಂಫೋಸೈಟ್ ಕಣಗಳು ಹೆಚ್ಚಾಗಿರುವುದು ಗ್ರಂಥಿ ಜ್ವರದ ಸುಳಿವು. ಪ್ರತಿಕಾಯ ಪರೀಕ್ಷೆಯಿಂದ ಅದನ್ನು ಖಚಿತಪಡಿಸಬಹುದು. ಮೊದಲ ವಾರದಲ್ಲಿ ಮಾನೋಸ್ಪಾಟ್ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಋಣಾತ್ಮಕವಾಗಿ ಬರುವುದುಂಟು.

ವೈದ್ಯರ ಸಲಹೆಯಿಲ್ಲದೆ ಔಷಧಿ ಅಂಗಡಿಯಿಂದ ಆಂಟಿಬಯಾಟಿಕ್ ಪಡೆಯುವ ರೂಢಿ ಇಲ್ಲಿ ವಿಶೇಷವಾಗಿ ತೊಂದರೆ ಕೊಡುತ್ತದೆ. ವೈರಸ್‌ನ ಮೇಲೆ ಅದು ಕೆಲಸ ಮಾಡುವುದಿಲ್ಲ. ಅಲ್ಲದೆ ಅಮಾಕ್ಸಿಸಿಲಿನ್ ಅಥವಾ ಆಂಪಿಸಿಲಿನ್ ಸೇವಿಸಿದ ಹಲವು ರೋಗಿಗಳ ಮೈಮೇಲೆ ಕೆಂಪು ದದ್ದುಗಳೇಳುತ್ತವೆ. ಇದನ್ನು ಪೆನಿಸಿಲಿನ್ ಅಲರ್ಜಿ ಎಂದು ತಪ್ಪಾಗಿ ಬರೆದಿಟ್ಟರೆ, ಮುಂದೆ ನಿಜವಾಗಿ ಅಗತ್ಯವಾದಾಗ ಆ ಔಷಧಿ ದೊರೆಯದೆ ಹೋಗಬಹುದು.

ಚೇತರಿಕೆ

ಇದಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ವಿಶ್ರಾಂತಿ, ಸಾಕಷ್ಟು ದ್ರವಾಹಾರ ಮತ್ತು ವೈದ್ಯರು ಸೂಚಿಸಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಡೆಂಗೇ ಅಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್ ತೆಗೆದುಕೊಳ್ಳಬಾರದು. ಮಕ್ಕಳಿಗೆ ಆಸ್ಪಿರಿನ್ ನೀಡಬಾರದು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಗುಲ್ಮವು ಊದಿಕೊಳ್ಳುತ್ತದೆ. ಅದು ಒಡೆಯುವುದು ಅಪರೂಪವಾದರೂ ಪ್ರಾಣಾಪಾಯಕಾರಿ. ಆದ್ದರಿಂದ ಕನಿಷ್ಠ 3ರಿಂದ 4 ವಾರ ಕಬಡ್ಡಿ, ಫುಟ್‌ಬಾಲ್‌ನಂತಹ ಆಟಗಳನ್ನು ಮತ್ತು ಭಾರ ಎತ್ತುವುದನ್ನು ಬಿಡಬೇಕು. ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಅಥವಾ ಎಡ ಭುಜದಲ್ಲಿ ಹಠಾತ್ ನೋವು ಬಂದರೆ, ಇಲ್ಲವೇ ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಜ್ವರ ಮತ್ತು ಗಂಟಲು ನೋವು ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಇಳಿಯುತ್ತವೆ. ಆಯಾಸ ಮಾತ್ರ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಲ್ಲಿ ಇದನ್ನು ಸೋಮಾರಿತನವೆಂದು ಭಾವಿಸುವುದು ತಪ್ಪು. ಓದು ಮತ್ತು ಕೆಲಸವನ್ನು ಹಂತಹಂತವಾಗಿ ಮರಳಿ ಆರಂಭಿಸಬೇಕು.