ಗುಡ್ಡದ ಮೇಲಿನ ಮದ್ದು, ತೋಡಿನ ನೀರು

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ನಮಗೆ ಕೆಟ್ಟ ನೀರೆಂದರೆ ಕಣ್ಣಿಗೆ ಕಾಣುವ ವಸ್ತು. ಕಾರ್ಖಾನೆಗಳ ಬಣ್ಣ, ವಾಲಧುನಿಯ ನಾತ, ಉಲ್ಹಾಸ ನದಿಯ ಮೇಲೆ ಹಬ್ಬುವ ಅಂತರಗಂಗೆ ತಾವೇ ಸಾಕ್ಷಿ ನುಡಿಯುತ್ತವೆ. ಆದರೆ ನಮ್ಮಲ್ಲಿ ಹಲವರ ಹುಟ್ಟೂರಾದ ಕಾಸರಗೋಡಿನಲ್ಲಿ ಸುಮಾರು ಎರಡು ದಶಕ ನೀರಿಗಿಳಿದ ವಿಷಕ್ಕೆ ಬಣ್ಣವಿರಲಿಲ್ಲ.

ಅಲ್ಲಿನ ಗುಡ್ಡಗಳ ನೆತ್ತಿಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿವೆ. ವಿಸ್ತಾರ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ಡಿಸೆಂಬರ್‌ವರೆಗೆ, ವರ್ಷಕ್ಕೆ ಎರಡು ಮೂರು ಬಾರಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಬಾವಿಗಳನ್ನು ಮುಚ್ಚಿಕೊಳ್ಳಿ ಎಂದು ಊರವರಿಗೆ ಹೇಳಿದ್ದುಂಟು. ಎಣ್ಮಕಜೆ, ಪಡ್ರೆ ಕಡೆಯ ನೀರಿನ ಬಗೆ ಬಲ್ಲವರಿಗೆ ಈ ಮಾತಿನ ಪೊಳ್ಳುತನ ಬೇರೆ ಹೇಳಬೇಕಿಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ; ಅದೇ ಗುಡ್ಡದ ನೀರು ತೋಡಾಗಿ ಕೆಳಗಿನ ಅಡಿಕೆ ತೋಟಗಳಿಗೆ ಇಳಿಯುತ್ತದೆ. ಬಾವಿಯನ್ನೇನೋ ಮುಚ್ಚಬಹುದು, ಗುಡ್ಡವನ್ನು ಮುಚ್ಚುವುದು ಹೇಗೆ? ಈ ಮದ್ದು ಮಣ್ಣಿನ ಕಣಕ್ಕೆ ಅಂಟಿ ತಿಂಗಳುಗಟ್ಟಲೆ ಉಳಿಯುವಂಥದು. ಮಳೆ ಬಂದಾಗ ಮಣ್ಣಿನೊಡನೆ ತೋಡಿಗಿಳಿಯುತ್ತದೆ. ಮೀನುಗಳನ್ನು ಕೊಲ್ಲಲಂತೂ ಅದು ಬಹು ಸ್ವಲ್ಪವೇ ಸಾಕು.

ಬಹಳ ಹಿಂದೆಯೇ ಪತ್ರಕರ್ತ ಶ್ರೀ ಪಡ್ರೆಯವರು ತಮ್ಮೂರಿನಲ್ಲಿ ಊನಗೊಂಡ ಕರುಗಳು ಹುಟ್ಟುತ್ತಿರುವುದನ್ನು ಕುರಿತು ಬರೆದಿದ್ದರು. ಮುಂದೆ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರರು, ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟು ಊನಗಳು ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೇಕೆ ಎಂದು ಯೋಚಿಸತೊಡಗಿದರು; ಅವರ ಸಂಶಯ ನೀರಿನ ಮೇಲೆ ಹೋಯಿತು. ಪೆರಿಯದ ಲೀಲಾಕುಮಾರಿ ಅಮ್ಮ ಸ್ವತಃ ಕೃಷಿ ಇಲಾಖೆಯ ನೌಕರರಾಗಿದ್ದೂ 1998ರಲ್ಲಿ ಸಿಂಪಡಣೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಇದಕ್ಕೆ ಎಂಥ ಎದೆಗಾರಿಕೆ ಬೇಕೆಂಬುದನ್ನು ಸರಕಾರಿ ನೌಕರಿ ಮಾಡಿದವರು ಬಲ್ಲರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ಮಾದರಿಗಳನ್ನು ಪರೀಕ್ಷಿಸಿ, ನೀರಿನಲ್ಲೂ ಜನರ ರಕ್ತದಲ್ಲೂ ಎಂಡೋಸಲ್ಫಾನ್ ಇದೆಯೆಂದು ಪ್ರಕಟಿಸಿತು.

ತಜ್ಞರ ಸಮಿತಿಗಳು ಮಾತ್ರ ಒಮ್ಮತಕ್ಕೆ ಬರಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಈ ಮದ್ದಿನತ್ತಲೇ ಬೆರಳು ತೋರಿಸಿದರೆ, ರೋಗಗಳಿಗೂ ಇದಕ್ಕೂ ಸಂಬಂಧ ಸಾಬೀತಾಗಿಲ್ಲ ಎಂದವರೂ ಇದ್ದರು. ಈ ಚರ್ಚೆಯಲ್ಲೇ ಹತ್ತು ವರ್ಷ ಕಳೆಯಿತು. ದಕ್ಷಿಣ ಕನ್ನಡದ ಕೊಕ್ಕಡದಲ್ಲೂ ಗೇರು ತೋಟಗಳ ಸುತ್ತ ಇದೇ ಕಥೆ.

2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ, 3704 ಮಂದಿಯಲ್ಲಿ ಈ ಹಣ ಮುಟ್ಟಿದ್ದು ಎಂಟು ಮಂದಿಗೆ.